ಜೋರು ಸದ್ದಿನ ಸೈಲೆನ್ಸರ್ ಇದ್ದರೆ ಬೈಕ್ ಸೇಫಾ, ಇಲ್ಲ ಬ್ರೇಕು-ಟೈರಿಗೆ ದುಡ್ಡು ಹಾಕೋದು ಮೇಲಾ?

ಬ್ರೇಕು, ಟೈರು. ಇದರಲ್ಲಿ ನನಗೆ ಅನುಮಾನವೇ ಇಲ್ಲ.

ಸೈಲೆನ್ಸರ್ ಬಾಯಿ ಇರುವುದು ಹಿಂದಕ್ಕೆ, ಅಪಾಯ ಬರುವುದು ಹೆಚ್ಚಾಗಿ ಮುಂದಿನಿಂದ. ಅಮೆರಿಕದಲ್ಲಿ ಸಂಶೋಧಕ ಹ್ಯಾರಿ ಹರ್ಟ್ ಅವರ ತಂಡ ಲಾಸ್ ಏಂಜಲೀಸ್ ಸುತ್ತಮುತ್ತಲಿನ 900 ಬೈಕ್ ಅಪಘಾತಗಳನ್ನು ಸ್ಥಳಕ್ಕೇ ಹೋಗಿ ಪರಿಶೀಲಿಸಿ 1981ರಲ್ಲಿ ವರದಿ ಕೊಟ್ಟಿತು. ಮುಕ್ಕಾಲು ಪಾಲಿಗಿಂತ ಜಾಸ್ತಿ ಸಲ ಅಪಾಯ ಇದ್ದದ್ದು ಸವಾರನ ಕಣ್ಣೆದುರಿಗೇ. ಇನ್ನೊಂದು ವಿಷಯವೂ ಅದರಲ್ಲಿದೆ: ಗಾಬರಿಯಲ್ಲಿ ಹೆಚ್ಚಿನವರು ಹಿಂದಿನ ಬ್ರೇಕ್ ಅದುಮಿ ಚಕ್ರ ಜಾರಿಸಿದ್ದರು, ಮುಂದಿನದನ್ನು ಸರಿಯಾಗಿ ಹಿಡಿದೇ ಇರಲಿಲ್ಲ. ಪಕ್ಕಕ್ಕೆ ತಿರುಗಿಸಿ ತಪ್ಪಿಸಿಕೊಳ್ಳುವ ಕಲೆಯಂತೂ ಬಹುತೇಕ ಯಾರಿಗೂ ಇರಲಿಲ್ಲ. ಸದ್ದು ಇಲ್ಲೇನು ಮಾಡೀತು?

ಗಾಜು ಏರಿಸಿ, ಹಾಡು ಹಾಕಿಕೊಂಡ ಕಾರಿನವನಿಗೆ ಎದುರಿಂದ ಬರುವ ನಿಮ್ಮ ಸದ್ದು ಸರಿಯಾಗಿ ಕೇಳುವುದು ನೀವು ದಾಟಿದ ಮೇಲೆ. ಬೀದಿಯವರ ನಿದ್ದೆ ಮಾತ್ರ ಗ್ಯಾರಂಟಿ ಹಾಳು. ಎಚ್ಚರಿಸಬೇಕಾದರೆ ಹಾರ್ನ್ ಇದೆ, ಅಲ್ವಾ?

ನಮ್ಮಲ್ಲಿ 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಹೊಸ ಬೈಕ್‌ಗಳಿಗೆ ಎಬಿಎಸ್ ಕಡ್ಡಾಯ. ಗಕ್ಕನೆ ಬ್ರೇಕ್ ಹಿಡಿದರೂ ಚಕ್ರ ಲಾಕ್ ಆಗದಂತೆ ಅದು ನೋಡಿಕೊಳ್ಳುತ್ತದೆ. ಆದರೆ ಟೈರ್ ಸವೆದು ನುಣ್ಣಗಾಗಿದ್ದರೆ, ಚಾರ್ಮಾಡಿ ಘಾಟಿಯ ಮಳೆಯಲ್ಲಿ ಎಬಿಎಸ್ ಕೂಡ ಪವಾಡ ಮಾಡಲ್ಲ. ಹಾಗಾಗಿ ಮೊದಲು ಟೈರ್, ಆಮೇಲೆ ಬ್ರೇಕ್ ಪ್ಯಾಡ್. ಸಸ್ಪೆನ್ಷನ್ ಅದಾದ ಮೇಲೆ ನೋಡಿ. ದುಡ್ಡು ಉಳಿದರೆ ಖಾಲಿ ಮೈದಾನದಲ್ಲಿ ಮುಂದಿನ ಬ್ರೇಕ್ ಹಿಡಿದು ಅಭ್ಯಾಸ ಮಾಡಿ, ಪೆಟ್ರೋಲ್ ಖರ್ಚು ಅಷ್ಟೇ.