ಹನುಕ್ಕ, ರಜೆ ಮತ್ತು ಮನೆಜಗಳ: ಹೊಸದಾಗಿ ಬಂದ ತಂಗಿಗೆ

ತಂಗಿ, ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸಕ್ಕೆ ಇಸ್ರೇಲಿಗೆ ಬಂದ ನಿನ್ನ ಪ್ರಶ್ನೆ ಮೂರು. ಯೆಹೂದ್ಯರ ದೀಪದ ಹಬ್ಬ ಹನುಕ್ಕಕ್ಕೆ ನಮಗೆ ರಜೆ ಉಂಟಾ, ಅವರು ದೀಪ ಹಚ್ಚುವಾಗ ಕ್ರೈಸ್ತರಾದ ನಾವು ಜೊತೆಗೆ ನಿಲ್ಲಬಹುದಾ, ಹಬ್ಬದ ದಿನವೇ ಮನೆಯವರು ಯಾಕೆ ಜಗಳಾಡುತ್ತಾರೆ.

ರಜೆ ಇಲ್ಲ, ಅದು ಶಾಲೆಮಕ್ಕಳಿಗೆ. ಕ್ರಿಸ್ಮಸ್‌ಗೆ ಬೇಕಿದ್ದರೆ ಈಗಲೇ ಹೇಳಿಡು, ಬದಲಿ ಜನ ಸಿಗುವುದು ಸುಲಭವಲ್ಲ. ಆ ದಿನ ನಮ್ಮೂರ ಕ್ರಿಸ್ಮಸ್ ತಿಂಡಿ ಕುಸ್ವಾರ್ ನೆನಪಾಗಿ ಅಳು ಬರುತ್ತದೆ, ಅದಕ್ಕೆ ನನ್ನಲ್ಲಿ ಮದ್ದಿಲ್ಲ. ದೀಪದ ಹತ್ತಿರ ಧಾರಾಳವಾಗಿ ನಿಲ್ಲು. ಈ ಹಬ್ಬದ ಚಳಿಗಾಲದಲ್ಲಿ ಯೇಸು ದೇವಾಲಯದಲ್ಲಿ ಅಡ್ಡಾಡುತ್ತಿದ್ದರೆಂದು ಯೊವಾನ್ನನ ಶುಭಸಂದೇಶದ 10ನೇ ಅಧ್ಯಾಯದಲ್ಲೇ ಇದೆ.

ಜಗಳದ್ದು ದೊಡ್ಡ ಕಥೆ. ಪೆತಾಹ್ ಟಿಕ್ವಾದ ಈ ಮನೆಗೆ ನಾನು ಬಂದ ಮೊದಲ ಚಳಿಗಾಲ, ಸಾವ್ತಾಳ (ನಾನು ನೋಡಿಕೊಳ್ಳುವ ಅಜ್ಜಿ) ಇಬ್ಬರು ಗಂಡುಮಕ್ಕಳು ಹನುಕಿಯಾ ಎಂಬ ಹಬ್ಬದ ದೀಪಸ್ತಂಭದ ಮುಂದೆಯೇ ಕೂಗಾಡಿದರು. ಕಿಪ್ಪಾ ಎಂಬ ಧಾರ್ಮಿಕ ಟೋಪಿ ಹಾಕುವ ದೊಡ್ಡವನಿಗೆ ಹಬ್ಬವೆಂದರೆ ಒಂದು ದಿನದ ಎಣ್ಣೆ ಎಂಟು ದಿನ ಉರಿದ ಪವಾಡ. ಚಿಕ್ಕವನಿಗೆ ಅದು ಸ್ವಾತಂತ್ರ್ಯದ ಯುದ್ಧ. ಎಣ್ಣೆಯ ಕಥೆ ಬರುವುದು ಎಷ್ಟೋ ನೂರು ವರ್ಷ ಕಳೆದ ಮೇಲಿನ ತಾಲ್ಮುದ್ ಎಂಬ ಅವರ ಧರ್ಮಚರ್ಚೆಯ ಗ್ರಂಥದಲ್ಲಿ. ಯುದ್ಧದ ಕಥೆ ಇರುವ ಮಕ್ಕಬಿಯರ ಗ್ರಂಥಗಳು ನಮ್ಮ ಕಥೋಲಿಕ ಬೈಬಲ್ಲಿನಲ್ಲಿವೆ, ಅವರ ಬೈಬಲ್ಲಿನಲ್ಲಿಲ್ಲ! ಊರಿಂದ ತಂದ ಬೈಬಲ್ ತೆಗೆದು ನಾನೇ ಓದಿದೆ.

ಓದಿದರೆ ಜಗಳ ಅಲ್ಲಿಂದಲೇ ಶುರು. ಕ್ರಿ.ಪೂ. 175ರ ಹೊತ್ತಿಗೆ ಯಾಸೋನ ಎಂಬವನು ಆ ನಾಡನ್ನು ಆಳುತ್ತಿದ್ದ ಗ್ರೀಕ್ ದೊರೆ ಆಂಟಿಯೋಕಸನಿಗೆ ದುಡ್ಡು ಕೊಟ್ಟು ಮಹಾಯಾಜಕನಾದ, ಜೆರುಸಲೇಮಿನಲ್ಲಿ ಗ್ರೀಕರ ವ್ಯಾಯಾಮಶಾಲೆ ಕಟ್ಟಿಸಿದ. ಮೆನೆಲಾಯನೆಂಬವನು ಅವನಿಗಿಂತ ಹೆಚ್ಚು ಕೊಟ್ಟು ಅದೇ ಕುರ್ಚಿ ಹಿಡಿದ. ದೊರೆ ಸಬ್ಬತ್ ಎಂಬ ಶನಿವಾರದ ವಿಶ್ರಾಂತಿಯನ್ನೂ ಸುನ್ನತಿಯನ್ನೂ ನಿಷೇಧಿಸಿದ್ದು ಆಮೇಲೆ, 167ರಲ್ಲಿ. ಮೋದಿಇನ್‌ನಲ್ಲಿ ಮತ್ತಥೀಯನೆಂಬ ಯಾಜಕನ ಕತ್ತಿಗೆ ಮೊದಲು ಬಿದ್ದವನು ದೊರೆಯ ಅಧಿಕಾರಿಯಲ್ಲ, ದೊರೆಯ ಆಜ್ಞೆಯಂತೆ ಬಲಿ ಕೊಡಲು ಮುಂದೆ ಬಂದ ಒಬ್ಬ ಯೆಹೂದ್ಯ. 164ರಲ್ಲಿ ಮತ್ತಥೀಯನ ಮಗ ಯೂದ ಮಕ್ಕಬಿ ದೇವಾಲಯ ಶುದ್ಧಮಾಡಿದ, ಹಬ್ಬ ಹುಟ್ಟಿತು.

ಮುಂದಿನದನ್ನು ದೀಪದ ಮುಂದೆ ಯಾರೂ ಹೇಳುವುದಿಲ್ಲ. ಅದೇ ವಂಶದ ಅಲೆಗ್ಸಾಂಡರ್ ಯನ್ನಾಯ್ ತನ್ನನ್ನು ವಿರೋಧಿಸಿದ 800 ಯೆಹೂದ್ಯರನ್ನು ಶಿಲುಬೆಗೇರಿಸಿದನೆಂದು ಇತಿಹಾಸಕಾರ ಜೋಸೆಫಸ್ ಬರೆದಿದ್ದಾನೆ. ಅವನ ಇಬ್ಬರು ಮಕ್ಕಳು ಪಟ್ಟಕ್ಕಾಗಿ ಬಡಿದಾಡಿ, ಇಬ್ಬರೂ ರೋಮಿನ ಸೇನಾಪತಿ ಪಾಂಪೆಯ ಬಳಿಗೆ ನ್ಯಾಯ ಕೇಳಲು ಹೋದರು. ಕ್ರಿ.ಪೂ. 63ರಲ್ಲಿ ಜೆರುಸಲೇಮಿನ ಬಾಗಿಲು ತೆಗೆದುಕೊಟ್ಟದ್ದು ಒಳಗಿನವರೇ. ಸ್ವತಂತ್ರ ರಾಜ್ಯ ಬಾಳಿದ್ದು ಸುಮಾರು 80 ವರ್ಷ.

2023ರಲ್ಲಿ ನ್ಯಾಯಾಲಯದ ಅಧಿಕಾರ ಕಡಿಮೆ ಮಾಡುವ ಸರ್ಕಾರದ ಕಾನೂನಿನ ಗಲಾಟೆ ಎದ್ದಾಗ ಚಿಕ್ಕವನು ಶನಿವಾರ ರಾತ್ರಿ ಟೆಲ್ ಅವೀವಿನ ಪ್ರತಿಭಟನೆಗೆ ಹೋಗುತ್ತಿದ್ದ, ದೊಡ್ಡವನು ಸರ್ಕಾರದ ಪರ. ಅಲ್ಲಿಂದ ಮಾತು ನಿಂತಿತು. ಹಬ್ಬಕ್ಕೆ ಎಂಟು ರಾತ್ರಿ ಇರುವುದು ಇಬ್ಬರಿಗೂ ಅನುಕೂಲವೇ ಆಗಿದೆ, ಒಬ್ಬ ಬಂದ ರಾತ್ರಿ ಇನ್ನೊಬ್ಬ ಬರುವುದಿಲ್ಲ. ಸಾವ್ತಾಳಿಗೆ ಈಗ ಮಾತು ಹೊರಡುವುದಿಲ್ಲ, ಕಡ್ಡಿ ಗೀರುವಾಗ ಕೈ ನಾನೇ ಹಿಡಿಯಬೇಕು. ಗೀರಿದ ಮೇಲೂ ಬಾಗಿಲ ಕಡೆ ನೋಡುತ್ತಾಳೆ. ನನಗೆ ಇಲ್ಲಿ ಅತಿ ಬೇಸರದ ಸಂಗತಿ ಅದು.

ದೀಪ ಹಚ್ಚುವ ಕ್ರಮದಲ್ಲೇ ಒಂದು ವಾದ ಇತ್ತು. ಎಂಟರಿಂದ ಇಳಿಸುತ್ತಾ ಬನ್ನಿ ಎಂದರು ಶಮ್ಮಾಯಿಯ ಶಿಷ್ಯರು, ಒಂದರಿಂದ ಏರಿಸಿ ಎಂದರು ಹಿಲ್ಲೇಲನ ಶಿಷ್ಯರು. ಎಲ್ಲರೂ ಹಿಲ್ಲೇಲನದ್ದನ್ನೇ ಪಾಲಿಸುತ್ತಾರೆ, ಆದರೆ ಸೋತವರ ಮಾತನ್ನೂ ತಾಲ್ಮುದ್ ಅದೇ ಪುಟದಲ್ಲಿ ಉಳಿಸಿಕೊಂಡಿದೆ. ಇಲ್ಲಿಯವರಾಗಲಿ, ಯಾರು ನಿಜವಾದ ಯೆಹೂದ್ಯರೆಂದು ಅಮೆರಿಕದಲ್ಲಿ ಕಿತ್ತಾಡುವವರಾಗಲಿ, ಮಕ್ಕಬಿಯರ ಕತ್ತಿಗಿಂತ ಆ ಪುಟವನ್ನು ಮಕ್ಕಳಿಗೆ ತೋರಿಸಬೇಕು ಅನ್ನಿಸುತ್ತದೆ ನನಗೆ. (ಕಿತ್ತಾಟದಲ್ಲಿ ನಮ್ಮ ಇಗರ್ಜಿ ಸಮಿತಿಗಳೇನೂ ಕಡಿಮೆಯಿಲ್ಲ ಬಿಡು.)

ನೀನು ಮಾತ್ರ ಯಾರ ಪರವೂ ಮಾತಾಡಬೇಡ. ಮಂಗಳೂರಿನವರೆಂದರೆ ಈ ಬೀದಿಯಲ್ಲಿ ಕಣ್ಣುಮುಚ್ಚಿ ಮನೆಯ ಕೀಲಿ ಕೊಡುತ್ತಾರೆ, ಆ ಹೆಸರು ಸುಮ್ಮನೆ ಬಂದದ್ದಲ್ಲ. ಅಭಿಪ್ರಾಯ ಕೇಳಿದರೆ ಒಲೆಯ ಮೇಲೆ ಹಾಲಿದೆ ಎಂದು ಎದ್ದುಹೋಗು. ಇನ್ನೊಂದು, ನಿನ್ನ ಅಜ್ಜನಿಗೆ ಆಕ್ಸಿಜನ್ ಮೆಷಿನ್ ಉಂಟು ಅಂದಿದ್ದೀಯಲ್ಲ? ಹನುಕಿಯಾವನ್ನು ಬೇರೆ ಕೋಣೆಯಲ್ಲಿ ಇಡಿಸು. ಅದನ್ನು ಮಾತ್ರ ಮುಲಾಜಿಲ್ಲದೆ ಹೇಳು.