ರಾಜೀನಾಮೆ ಪತ್ರ ಡ್ರಾಫ್ಟ್‌ನಲ್ಲೇ ಇರಲಿ, ಮೊದಲು ಸೇರಿದ ತಾರೀಕು ನೋಡಿ

ನೀವು ಬರೆದದ್ದು ಇಷ್ಟು: ಫೈನಾನ್ಸ್ ಕಂಪನಿಯಲ್ಲಿ ಸೇಲ್ಸ್, ವಯಸ್ಸು 31, ಸೇರಿ 4 ವರ್ಷ 4 ತಿಂಗಳು. ಮಾತೇ ನನ್ನ ಬಲ, ಆದರೆ ಟಾರ್ಗೆಟ್ ಸಾಕಾಗಿದೆ, ಭದ್ರವಾದ ಕೆಲಸ ಬೇಕು, ಸರ್ಕಾರಿ ಕೆಲಸವಾದರೆ ಪೆನ್ಷನ್ ಬರುತ್ತೆ, ಬಿಟ್ಟು ಒಂದು ವರ್ಷ ಎಫ್‌ಡಿಎಗೆ (ಪ್ರಥಮ ದರ್ಜೆ ಸಹಾಯಕರ ಹುದ್ದೆಗೆ) ಓದಲೇ, ಯಾವ ಫೀಲ್ಡ್ ಒಳ್ಳೇದು ಅಂತ ಕೇಳಿದ್ದೀರಿ. ಕಂಪನಿಯ ಹೆಸರು ಬದಲಾಯಿಸಿದರೆ ಇದು 2019ರ ನಾನೇ.

ಬಿ.ಫಾರ್ಮ್ ಮುಗಿಸಿ 2015ರ ಜೂನ್ 8ಕ್ಕೆ ಔಷಧ ಕಂಪನಿಯೊಂದಕ್ಕೆ ಮೆಡಿಕಲ್ ರೆಪ್ (ಎಂ.ಆರ್.) ಆಗಿ ಸೇರಿದೆ. ಹೆಡ್‌ಕ್ವಾರ್ಟರ್ ದಾವಣಗೆರೆ. ಹರಿಹರ, ರಾಣೆಬೆನ್ನೂರಿಗೆ ಹೋಗಿ ಸಂಜೆ ವಾಪಸ್. ಚಳ್ಳಕೆರೆ, ಹೊಸದುರ್ಗದ ಕಡೆ ಹೋದರೆ ಲಾಡ್ಜ್. ದಿನಕ್ಕೆ ಹತ್ತು ಹನ್ನೆರಡು ಡಾಕ್ಟರು, ರಾತ್ರಿ ಕೂತು ಡಿಸಿಆರ್, ಅಂದರೆ ದಿನದ ಭೇಟಿಗಳ ವರದಿ, ತುಂಬೋದು. ಇದೆಲ್ಲ ಹೇಗೋ ನಡೀತಿತ್ತು. ಸಾಯಿಸ್ತಿದ್ದದ್ದು ತಿಂಗಳ ಕೊನೆಯ ಮೂರು ದಿನ. ಡಾಕ್ಟರು ಬರೆಯಲಿ ಬಿಡಲಿ, ಸ್ಟಾಕಿಸ್ಟ್ (ಸಗಟು ವ್ಯಾಪಾರಿ) ತಲೆಗೆ ಮಾಲು ಕಟ್ಟಿ ಪ್ರೈಮರಿ, ಅಂದರೆ ಕಂಪನಿ ಅವರಿಗೆ ಮಾಡಿದ ಮಾರಾಟ, ತೋರಿಸಬೇಕು. ಮುಂದಿನ ತಿಂಗಳು ಆ ಮಾಲು ಹೋಗದಿದ್ದರೆ ಅವರ ಬೈಗುಳವೂ ನಮಗೇ, ಎಕ್ಸ್‌ಪೈರಿ ರಿಟರ್ನ್ ಬಂದರೆ ಮ್ಯಾನೇಜರ್ ಬೈಗುಳವೂ ನಮಗೇ.

2019ರ ಡಿಸೆಂಬರ್ 31ರ ಸಂಜೆ ನಾನು ಪಿ.ಜೆ. ಬಡಾವಣೆಯ ಒಬ್ಬ ಸ್ಟಾಕಿಸ್ಟ್ ಅಂಗಡಿಯಲ್ಲಿದ್ದೆ. ಫೋನಿನಲ್ಲಿ ಮ್ಯಾನೇಜರ್: ಐರನ್ ಸಿರಪ್ ಇನ್ನೂ ನಲವತ್ತು ಕೇಸ್ ಬಿಲ್ ಮಾಡಿಸು. ನಾನು ಹಿಂದಿನ ಗೋಡೌನಿಗೆ ಹೋಗಿ ಎಣಿಸಿದೆ. ಅದೇ ಸಿರಪ್ ಒಂಬತ್ತು ಕೇಸ್ ಹಾಗೇ ಕೂತಿದೆ, ಆರರ ಮೇಲೆ ಮಾರ್ಚ್ ಎಕ್ಸ್‌ಪೈರಿ. ಬ್ಯಾಚ್ ನಂಬರ್ ಸಮೇತ ಒಂದು ಚೀಟಿಯಲ್ಲಿ ಬರೆದುಕೊಂಡು ಬಂದು ಯಜಮಾನರಿಗೆ ಕೊಟ್ಟೆ. ಅವರು ಕನ್ನಡಕ ಏರಿಸಿ ಓದಿ ನಕ್ಕರು. "ತಮ್ಮಾ, ನೀನು ಮಾಲು ಮಾರೋನಲ್ಲ ಬಿಡು, ಮಾಲಿನ ಲೆಕ್ಕ ಇಡೋನು. ನಮ್ಮ ಹುಡುಗರಿಗೇ ಇದು ಗೊತ್ತಿರಲಿಲ್ಲ." ನನಗದು ಅವಮಾನದ ಹಾಗೆ ಕೇಳಿಸಿತು. ಯಾರೂ ಅಷ್ಟು ಸರಿಯಾಗಿ ನನ್ನನ್ನು ಅಳೆದಿರಲಿಲ್ಲ ಅನ್ನೋದು ಅರ್ಥ ಆಗೋಕೆ ಒಂದೂವರೆ ವರ್ಷ ಬೇಕಾಯಿತು.

ಆ ರಾತ್ರಿ ಹನ್ನೊಂದಕ್ಕೆ, ಹೊರಗೆ ಹೊಸ ವರ್ಷದ ಪಟಾಕಿ ಹೊಡೀತಿದ್ದಾಗ, ರಾಜೀನಾಮೆ ಮೇಲ್ ಕಳಿಸಿದೆ. ಜನವರಿ 10 ಕೊನೆಯ ದಿನ. ನೋಟಿಸ್ ಅವಧಿಯ ದುಡ್ಡು ಸಂಬಳದಲ್ಲಿ ಮುರಿದುಕೊಂಡರು. ಅದು ಹೋಗಲಿ.

ನಿಜವಾದ ತಪ್ಪು ಯಾವುದು ಅಂದರೆ, ನಾನು ತಾರೀಕು ಎಣಿಸಲಿಲ್ಲ. ಸಿರಪ್ಪಿನ ಎಕ್ಸ್‌ಪೈರಿ ಎಣಿಸುವವನು ನನ್ನ ಸರ್ವೀಸ್ ಎಣಿಸಲಿಲ್ಲ. ಗ್ರಾಚುಯಿಟಿಗೆ, ಅಂದರೆ ಕೆಲಸ ಬಿಡುವಾಗ ಕಂಪನಿ ಕೊಡುವ ಇಡುಗಂಟಿಗೆ, ನಮ್ಮಂಥ ಕಾಯಂ ನೌಕರರಿಗೆ ಐದು ವರ್ಷ ಸತತ ಸೇವೆ ಬೇಕು. ನನ್ನದು ಆಗ 4 ವರ್ಷ 7 ತಿಂಗಳು. ಐದನೇ ವರ್ಷದಲ್ಲಿ 240 ದಿನ ಕೆಲಸ ಮಾಡಿದ್ದರೂ ಸಾಕು ಅನ್ನೋ ಮದ್ರಾಸ್ ಹೈಕೋರ್ಟಿನ ತೀರ್ಪೊಂದಿದೆ ಅಂತ ಆಮೇಲೆ ತಿಳಿದು ಕ್ಯಾಲೆಂಡರ್ ಹಿಡಿದು ಕೂತೆ. ಜೂನ್ 8ರಿಂದ ಜನವರಿ 10ಕ್ಕೆ 217 ದಿನ. ವಾದ ಮಾಡಿ ನೋಡೋಣ ಅನ್ನೋಕೂ 23 ದಿನ ಕಡಿಮೆ. ನನ್ನ ಬೇಸಿಕ್ 18,000. ಅದನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಐದು ವರ್ಷಕ್ಕೆ ಲೆಕ್ಕ ಹಾಕಿ: 51,923 ರೂಪಾಯಿ. ಆ ಸಂಖ್ಯೆ ನನಗೆ ಈಗಲೂ ಬಾಯಿಪಾಠ.

ಅಲ್ಲಿಗೇ ನಿಲ್ಲಲಿಲ್ಲ. ಎರಡು ತಿಂಗಳು ಮನೇಲಿ ಕೂತ ಮೇಲೆ ಆಗಿನ ನಿಯಮದ ಪ್ರಕಾರ ಪಿಎಫ್ ಪೂರ್ತಿ ತೆಗೆಯಬಹುದಿತ್ತು, ತೆಗೆದೆ. ಒಂದೂವರೆ ಲಕ್ಷದ ಹತ್ತಿರ. ಐದು ವರ್ಷದೊಳಗೆ ತೆಗೆದರೆ ಅದಕ್ಕೆ ತೆರಿಗೆ ಇದೆ ಅಂತ ಗೊತ್ತಾಗಿದ್ದು ಹತ್ತು ಪರ್ಸೆಂಟ್ ಟಿಡಿಎಸ್ ಮುರಿದು ಅಕೌಂಟಿಗೆ ಬಂದಾಗ. ಜೊತೆಗೆ ಸೈಬರ್ ಸೆಂಟರ್ ಹುಡುಗ "ಸಾರ್, ಪೆನ್ಷನ್ ದುಡ್ಡೂ ಬರುತ್ತೆ, ಹಾಕಿಬಿಡ್ಲಾ?" ಅಂದ. ಹಾಕು ಅಂದೆ. ಅದು 10ಸಿ ಫಾರಂ. ಪಿಎಫ್ ಜೊತೆಗೇ ಇರುವ ಇಪಿಎಸ್ ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು. ದುಡ್ಡು ತೆಗೆದರೆ ಅದುವರೆಗಿನ ಸೇವೆ ಅಳಿಸಿಹೋಗುತ್ತೆ. ಅದೇ ಫಾರಂನಲ್ಲಿ ದುಡ್ಡಿನ ಬದಲು ಸ್ಕೀಮ್ ಸರ್ಟಿಫಿಕೇಟ್ (ಅದುವರೆಗಿನ ಸೇವೆಯ ದಾಖಲೆ) ಕೇಳಬಹುದಿತ್ತು. ಇಲ್ಲವಾದರೆ ಸುಮ್ಮನೆ ಬಿಟ್ಟು, ಮುಂದಿನ ಕೆಲಸ ಸಿಕ್ಕಾಗ ಅದೇ ಯುಎಎನ್‌ನಲ್ಲಿ (ಕೆಲಸ ಬದಲಾದರೂ ಬದಲಾಗದ ಪಿಎಫ್ ಸಂಖ್ಯೆ) ಹೊಸ ಖಾತೆಗೆ ವರ್ಗಾಯಿಸಬಹುದಿತ್ತು. ಎರಡರಲ್ಲೂ ಆ ವರ್ಷಗಳು ಉಳೀತಿದ್ದವು. ಭದ್ರತೆ ಬೇಕು ಅಂತ ಹೊರಟವನು ಕೂಡಿಟ್ಟಿದ್ದ ಭದ್ರತೆಯನ್ನೆಲ್ಲ ಒಂದೇ ಮಧ್ಯಾಹ್ನ ಸೈಬರ್‌ನಲ್ಲಿ ಕೂತು ಒಡೆದೆ. ಇಷ್ಟುದ್ದ ಯಾಕೆ ಬರೆದೆ ಅಂದರೆ, ನಿಮ್ಮದು 4 ವರ್ಷ 4 ತಿಂಗಳು.

ಆ ದುಡ್ಡು ಹಿಡಿದು ಧಾರವಾಡದ ಸಪ್ತಾಪುರಕ್ಕೆ ಹೋದೆ. ರೂಮು, ಮೆಸ್ಸು, ಕೋಚಿಂಗ್. ಹೋಗಿ ಒಂದು ವಾರಕ್ಕೇ ಲಾಕ್‌ಡೌನ್. ಮನೆಗೆ ಓಡಿ ಬಂದು, ತೆರೆದ ಮೇಲೆ ಮತ್ತೆ ಹೋದೆ. 2021ರ ಜನವರಿ 24ಕ್ಕೆ ಎಫ್‌ಡಿಎ ಪರೀಕ್ಷೆ ಇತ್ತು. ಪತ್ರಿಕೆ ಸೋರಿಕೆ ಅಂತ ಹಿಂದಿನ ದಿನ ಮುಂದೂಡಿದರು. ಫೆಬ್ರವರಿ 28ಕ್ಕೆ ಬರೆದೆ. ಆಗಲಿಲ್ಲ. ಸೋರಿಕೆಯಿಂದ ಆಗಲಿಲ್ಲ ಅಂತ ನಾನು ಹೇಳಲ್ಲ, ನನ್ನ ತಯಾರಿಯೇ ಸಾಲದಾಗಿತ್ತು. ಆದರೆ ಒಂದು ನೋಡಿ: ಪಕ್ಕದ ರೂಮಿನ ಹುಡುಗ ಪಿಎಸ್‌ಐಗೆ ಓದ್ತಿದ್ದ. ಆ ವರ್ಷದ ಅಕ್ಟೋಬರಿನ 545 ಹುದ್ದೆಯ ಪರೀಕ್ಷೆಯನ್ನು 2022ರ ಏಪ್ರಿಲ್‌ನಲ್ಲಿ ರದ್ದೇ ಮಾಡಿದರು. ಸರ್ಕಾರಿ ಕೆಲಸ ಸಿಕ್ಕ ಮೇಲೆ ಭದ್ರ, ಸರಿ. ಸಿಗೋವರೆಗಿನ ದಾರಿಯಷ್ಟು ಅಭದ್ರವಾದದ್ದು ಇನ್ನೊಂದಿಲ್ಲ. ಪೆನ್ಷನ್ ಬರುತ್ತೆ ಅಂತ ಬರೆದಿದ್ದೀರಲ್ಲ, 2006ರ ಏಪ್ರಿಲ್ 1ರಿಂದ ಈಚೆಗೆ ಸೇರಿದ ರಾಜ್ಯ ನೌಕರರಿಗೆ ಎನ್‌ಪಿಎಸ್ ಬಂತು, ಅದರಲ್ಲಿ ಹಳೇ ಪೆನ್ಷನ್ನಿನ ಹಾಗೆ ಮೊತ್ತ ಖಾತ್ರಿ ಇಲ್ಲ. ನಿಮ್ಮ ತಂದೆಯವರ ಕಾಲದ ಪೆನ್ಷನ್ ಮನಸ್ಸಲ್ಲಿಟ್ಟುಕೊಂಡು ಲೆಕ್ಕ ಹಾಕಬೇಡಿ.

ಪರೀಕ್ಷೆ ಮುಗಿಸಿ ಊರಿಗೆ ಬಂದಾಗ ಕೈಯಲ್ಲಿ ಎಂಟು ಸಾವಿರ ಇತ್ತು. ಎರಡನೇ ಅಲೆ ಶುರುವಾಗಿತ್ತು. ಅದೇ ಸ್ಟಾಕಿಸ್ಟ್ ಯಜಮಾನರು ಫೋನ್ ಮಾಡಿ, "ಇಲ್ಲೊಂದು ಆಸ್ಪತ್ರೆಯವರು ಫಾರ್ಮಸಿಗೆ ಹುಡುಗ ಬೇಕು ಅಂತಿದಾರೆ, ನಿನ್ನ ರಿಜಿಸ್ಟ್ರೇಷನ್ ಇದೆಯೇನೋ?" ಅಂದರು. ಇತ್ತು. ಕಾಲೇಜು ಮುಗಿದಾಗ ಫಾರ್ಮಸಿ ಕೌನ್ಸಿಲ್‌ನಲ್ಲಿ ಮಾಡಿಸಿದ್ದು, ಅಮ್ಮನ ಟ್ರಂಕಿನಲ್ಲಿ ಸೀರೆ ಕೆಳಗೆ ಇತ್ತು. 1948ರ ಫಾರ್ಮಸಿ ಕಾಯ್ದೆಯ 42ನೇ ಕಲಂ ಪ್ರಕಾರ ನೋಂದಾಯಿತ ಫಾರ್ಮಸಿಸ್ಟ್ ಇಲ್ಲದೆ ಔಷಧ ವಿತರಿಸುವ ಹಾಗಿಲ್ಲ. ಅಂದರೆ ನಾನು ಐದು ವರ್ಷ ಹುಡುಕಿದ ಭದ್ರತೆ ಟ್ರಂಕಿನಲ್ಲಿ ನ್ಯಾಫ್ತಲಿನ್ ವಾಸನೆ ಕುಡೀತಾ ಬಿದ್ದಿತ್ತು.

2021ರ ಜೂನ್ 7ಕ್ಕೆ ಸೇರಿದೆ. ಸಂಬಳ 17,000. ಎಂ.ಆರ್. ಆಗಿ ಟಿಎ-ಡಿಎ ಸೇರಿ ಬರ್ತಿದ್ದದ್ದರ ಅರ್ಧ. ಮನೇಲಿ ಯಾರೂ ಮಾತಾಡಲಿಲ್ಲ, ಅಷ್ಟೇ ಸಾಕಾಗಿತ್ತು. ಮೊದಲ ವಾರದಲ್ಲೇ ರ‍್ಯಾಕ್‌ಗಳನ್ನೆಲ್ಲ ಎಕ್ಸ್‌ಪೈರಿ ಪ್ರಕಾರ ಮರುಜೋಡಿಸಿದೆ, ಮೊದಲು ಸಾಯೋದು ಮುಂದೆ. ಶೆಡ್ಯೂಲ್ ಎಚ್1 ರಿಜಿಸ್ಟರ್ (ಕೆಲವು ನಿಗಾದ ಔಷಧ ಯಾರಿಗೆ ಕೊಟ್ಟೆವು ಅಂತ ಬರೆಯುವ ಪುಸ್ತಕ) ಅರ್ಧ ಖಾಲಿ ಇತ್ತು, ತುಂಬುವ ಪದ್ಧತಿ ಶುರು ಮಾಡಿದೆ. ಯಾರೂ ಹೇಳಿರಲಿಲ್ಲ. ರಾತ್ರಿ ಎಂಟಕ್ಕೆ ಕ್ಲೋಸಿಂಗ್ ಸ್ಟಾಕ್ ಒಂದು ಸ್ಟ್ರಿಪ್ ವ್ಯತ್ಯಾಸ ಇಲ್ಲದೆ ಕೂತಾಗ ಆಗುವ ಖುಷಿ, ಟಾರ್ಗೆಟ್ 110 ಪರ್ಸೆಂಟ್ ಮಾಡಿದಾಗಲೂ ನನಗೆ ಆಗಿರಲಿಲ್ಲ. ಈಗ ಸ್ಟೋರ್ಸ್ ಮತ್ತು ಪರ್ಚೇಸ್ ನನ್ನ ಕೈಯಲ್ಲಿದೆ, ಹಳೇ ಸಂಬಳ ದಾಟಿದೆ. ಎಂ.ಆರ್.ಗಳು ತಿಂಗಳ ಕೊನೆಗೆ ನನ್ನ ಮುಂದೆ ಕೂರ್ತಾರೆ. ಟೀ ಕುಡಿಸಿ ಕಳಿಸ್ತೀನಿ, ಬೇಡದ ಮಾಲು ತಗೊಳ್ಳಲ್ಲ.

ನೀವು ಕೇಳಿದ "ಯಾವ ಫೀಲ್ಡ್ ಒಳ್ಳೇದು" ಅನ್ನೋದಕ್ಕೆ ನನ್ನಲ್ಲಿ ಉತ್ತರ ಇಲ್ಲ, ಪ್ರಶ್ನೆಯೇ ನನಗೆ ಒಪ್ಪಿಗೆ ಇಲ್ಲ. ಮಾತು ನಿಮ್ಮ ಬಲ ಅಂತೀರಿ. ಐದು ವರ್ಷ ಟಾರ್ಗೆಟ್ ಹೊತ್ತವರೆಲ್ಲ ಮಾತು ಕಲೀತಾರೆ, ನಾನೂ ಕಲಿತಿದ್ದೆ. ಯಾರೂ ಕೇಳದಿದ್ದರೂ ಆಫೀಸಿನಲ್ಲಿ ನೀವಾಗೇ ಮಾಡುವ ಕೆಲಸ ಯಾವುದು? ಕಡತ ಸರಿಮಾಡೋದಾ, ಹೊಸಬರಿಗೆ ಕಲಿಸೋದಾ, ಬಾಕಿ ಇರುವವರ ಲೆಕ್ಕ ಒಂದು ಎಕ್ಸೆಲ್‌ನಲ್ಲಿ ಇಟ್ಟುಕೊಳ್ಳೋದಾ? ಲೋನ್ ಮಾರುವ ಮನೆಯಲ್ಲೇ ಕ್ರೆಡಿಟ್, ಆಪರೇಷನ್ಸ್ ಅಂತ ಬೇರೆ ಕೋಣೆಗಳಿವೆ, ಅಲ್ಲಿ ಟಾರ್ಗೆಟ್‌ನ ಕಾಟ ಕಡಿಮೆ. ಮೊದಲು ಆ ಬಾಗಿಲು ತಟ್ಟಿ. ಎಫ್‌ಡಿಎ ಬರೆಯಲೇಬೇಕು ಅಂದರೆ ಕೆಲಸದಲ್ಲಿದ್ದೇ ಬೆಳಗ್ಗೆ ಐದಕ್ಕೆ ಎದ್ದು ಓದಿ, ಬಿಟ್ಟು ಓದಬೇಡಿ. ಬಿಟ್ಟು ಓದಿ ಪಾಸಾದವರೂ ಇದ್ದಾರೆ ಅಂತ ಕಾಮೆಂಟಿನಲ್ಲಿ ಹೇಳ್ತಾರೆ, ಗೊತ್ತು.

ಇನ್ನು ಎಂಟು ತಿಂಗಳು ಹಲ್ಲು ಕಚ್ಚಿ. ಪಿಎಫ್ ಪೋರ್ಟಲಿನಲ್ಲಿ ಸರ್ವೀಸ್ ಹಿಸ್ಟರಿ ತೆಗೆದು ಸೇರಿದ ತಾರೀಕು ಸರಿಯಾಗಿ ದಾಖಲಾಗಿದೆಯಾ ಇವತ್ತೇ ನೋಡಿ. ಪಿಎಫ್ ತೆಗೆಯುವ ನಿಯಮ ಬದಲಾಗ್ತಾ ಇರುತ್ತೆ, ಈಗಿನದನ್ನೂ ಓದಿಕೊಳ್ಳಿ.

ನನಗೆ ಹುಬ್ಬಳ್ಳಿಯ ಒಂದು ಆಸ್ಪತ್ರೆಯಿಂದ ಆಫರ್ ಬಂದಿದೆ, ಸಂಬಳ ಚೆನ್ನಾಗಿದೆ. 2026ರ ಜೂನ್ 7ಕ್ಕೆ ನನಗಿಲ್ಲಿ ಐದು ವರ್ಷ. ಜೂನ್ 8ರ ಮೇಲೆ ಫೋನ್ ಮಾಡಿ ಅಂದಿದ್ದೀನಿ.