ಮದುವೆಯಾದ ಮೇಲಿನ ಮೊದಲ ಕ್ರಿಸ್ಮಸ್: ಕುಸ್ವಾರ್ ಗಡಿಬಿಡಿಯಲ್ಲಿ ಪ್ರಾರ್ಥನೆಗೆ ಪುರುಸೊತ್ತು ಎಲ್ಲಿ?

ಮದುವೆಯಾಗಿ ಮಂಗಳೂರಿನ ಕಥೋಲಿಕ ಮನೆಗೆ ಬಂದಿದ್ದೀರಿ. ಅತ್ತೆ ಈಗಲೇ ಕುಸ್ವಾರಿಗೆ, ಅಂದರೆ ಕ್ರಿಸ್ಮಸ್‌ಗೆ ಮಾಡಿ ಹಂಚುವ ತಿಂಡಿಗಳಿಗೆ, ಪಟ್ಟಿ ಹಾಕುತ್ತಿದ್ದಾರೆ, ಹಬ್ಬಕ್ಕೆ ಮನೆ ತುಂಬ ನೆಂಟರು. ಇಷ್ಟು ಕೆಲಸದ ಮಧ್ಯೆ ಪ್ರಾರ್ಥನೆಗೆ ಮನಸ್ಸು ಎಲ್ಲಿರುತ್ತದೆ, ಏನಾದರೂ ಎಡವಟ್ಟಾದರೆ ಏನು ಗತಿ ಅಂತ ಕೇಳಿದ್ದೀರಿ. ನಾನೂ ಬೆಂಗಳೂರಿನಲ್ಲಿ ಬೆಳೆದು ಇಲ್ಲಿಗೆ ಸೊಸೆಯಾಗಿ ಬಂದವಳು. ನಮ್ಮ ತವರಿನಲ್ಲಿ ಕೇಕು, ತಿಂಡಿ ಎಲ್ಲ ಬೇಕರಿಯಿಂದಲೇ ಬರುತ್ತಿತ್ತು. ಹಾಗಾಗಿ ನಿಮ್ಮ ಗಾಬರಿ ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ಎಡವಟ್ಟು ಆಗಿಯೇ ಆಗುತ್ತದೆ, ಅದಕ್ಕೆ ಹೆದರಬೇಡಿ. ಇನ್ನು ಪ್ರಾರ್ಥನೆ. ಕೆಲಸ ಮುಗಿದ ಮೇಲೆ ಮಾಡೋಣ ಅಂದುಕೊಂಡರೆ ಜನವರಿ ಬಂದುಬಿಡುತ್ತದೆ. ಕೆಲಸದ ಜೊತೆಗೇ ಮಾಡಬೇಕು. ಇದನ್ನು ನಾನು ಕಲಿತದ್ದು ನನ್ನ ಅತ್ತೆಯಿಂದ.

ನಮ್ಮ ಮನೆಯಲ್ಲಿ ಕಿಡ್ಯೊ ಎಂಬ ಕರಿದ ಕುಸ್ವಾರ್ ತಿಂಡಿ ಮಾಡುವ ಸಂಜೆ ಎಲ್ಲರೂ ಊಟದ ಮೇಜಿನ ಸುತ್ತ ಕೂರುತ್ತೇವೆ. ಮೈದಾ, ತೆಂಗಿನ ಹಾಲು ಹಾಕಿ ಕಲಸಿದ ಹಿಟ್ಟನ್ನು ನೆಲ್ಲಿಕಾಯಿಗಿಂತ ಚಿಕ್ಕ ಉಂಡೆ ಮಾಡಬೇಕು. ಅದನ್ನು ಫೋರ್ಕಿನ ಬೆನ್ನಿಗೆ ಒತ್ತಿ ಹೆಬ್ಬೆರಳಲ್ಲಿ ಉರುಳಿಸಿದರೆ ಗೆರೆಗೆರೆಯಾಗಿ ಸುತ್ತಿಕೊಳ್ಳುತ್ತದೆ. ಕೈ ತುಂಬ ಹಿಟ್ಟು, ಜಪಮಾಲೆ ಹಿಡಿಯುವ ಹಾಗಿಲ್ಲ. ಅತ್ತೆ ಅದಕ್ಕೊಂದು ದಾರಿ ಮಾಡಿಕೊಂಡಿದ್ದಾರೆ. ಒಂದು ಕಿಡ್ಯೊ ಉರುಳಿಸಿದರೆ ಒಂದು ನಮೋ ಮರಿಯ, ಅಂದರೆ ಮಾತೆ ಮರಿಯಳ ಪ್ರಾರ್ಥನೆ. ಮುಂದೆ ಹತ್ತು ಕಿಡ್ಯೊಗಳ ಸಾಲಾದರೆ ಒಂದು ರಹಸ್ಯ (ಯೇಸು, ಮರಿಯರ ಬದುಕಿನ ಒಂದು ಘಟನೆಯ ಧ್ಯಾನ) ಮುಗಿಯಿತು. ಐದು ಸಾಲಾದರೆ ತೇರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆ, ಮುಗಿಯಿತು. ಸಂತೋಷದ ರಹಸ್ಯಗಳಲ್ಲಿ ಮೂರನೆಯದು ಯೇಸುವಿನ ಜನನ. ಅದು ಬಂದಾಗ ಅತ್ತೆಯ ಸ್ವರ ಸ್ವಲ್ಪ ನಿಧಾನವಾಗುತ್ತದೆ, ಕೈ ಮಾತ್ರ ನಿಲ್ಲುವುದಿಲ್ಲ. ಮಕ್ಕಳು ಹಸಿ ಹಿಟ್ಟು ಬಾಯಿಗೆ ಹಾಕಿಕೊಂಡು ಲೆಕ್ಕ ತಪ್ಪಿಸುತ್ತಾರೆ. ಆಗ ಒಂದೆರಡು ನಮೋ ಮರಿಯ ಜಾಸ್ತಿ ಹೇಳಿದರಾಯಿತು.

ಇದೆಲ್ಲ ಅರೆಮನಸ್ಸಿನ ಪ್ರಾರ್ಥನೆ ಅಂತ ಯಾರಾದರೂ ಹೇಳಬಹುದು. ಮಾರ್ತಾ ಮತ್ತು ಮರಿಯ ಎಂಬ ಅಕ್ಕತಂಗಿಯರ ಕಥೆ ನೆನಪಿಸಲೂಬಹುದು. ಲೂಕನ ಸುವಾರ್ತೆಯ 10ನೇ ಅಧ್ಯಾಯದಲ್ಲಿ ಮರಿಯ ಯೇಸುವಿನ ಪಾದದ ಬಳಿ ಕೂತು ಕೇಳುತ್ತಾಳೆ, ಮಾರ್ತಾ ಅಡುಗೆ ಕೆಲಸದಲ್ಲಿ ಒದ್ದಾಡುತ್ತಾಳೆ. ಮರಿಯ ಒಳ್ಳೆಯದನ್ನೇ ಆರಿಸಿಕೊಂಡಳು ಅಂತ ಯೇಸು ಹೇಳುತ್ತಾರೆ. ನಿಜ. ಆದರೆ ಮಾರ್ತಾಳ ಕಥೆ ಅಲ್ಲಿಗೇ ಮುಗಿಯುವುದಿಲ್ಲ. ಯೊವಾನ್ನನ ಸುವಾರ್ತೆಯ 11ನೇ ಅಧ್ಯಾಯ ಓದಿ. ಸಹೋದರ ಲಾಜರ ಸತ್ತ ದುಃಖದಲ್ಲೂ ಎದ್ದು ಹೋಗಿ ಯೇಸುವನ್ನು ಎದುರುಗೊಂಡವಳು ಮಾರ್ತಾ. ನೀವೇ ಕ್ರಿಸ್ತ, ದೇವರ ಪುತ್ರ ಅಂತ ಬಾಯಿಬಿಟ್ಟು ಹೇಳಿದವಳೂ ಅವಳೇ. 12ನೇ ಅಧ್ಯಾಯದಲ್ಲಿ ನೋಡಿದರೆ ಮತ್ತೆ ಊಟ ಬಡಿಸುತ್ತಿದ್ದಾಳೆ, ಈ ಸಲ ಗೊಣಗಾಟವಿಲ್ಲ. ಡಿಸೆಂಬರಿನಲ್ಲಿ ನನಗೆ ತುಂಬ ಹತ್ತಿರದವಳು ಮಾರ್ತಾ.

ಹಾಗಂತ ಎಲ್ಲ ಹೊತ್ತನ್ನೂ ಅಡುಗೆಮನೆಗೇ ಕೊಡಬೇಡಿ. ಕ್ರಿಸ್ಮಸ್‌ಗೆ ಸಿದ್ಧತೆಯ ಆಗಮನ ಕಾಲ ನವೆಂಬರ್ 27ರಿಂದ ಡಿಸೆಂಬರ್ 3ರ ಒಳಗೆ ಬರುವ ಭಾನುವಾರ ಶುರುವಾಗುತ್ತದೆ. ನಾಲ್ಕು ಭಾನುವಾರ, ನಾಲ್ಕು ಮೋಂಬತ್ತಿ. ಮೂರನೇ ಭಾನುವಾರದ್ದು ಗುಲಾಬಿ ಬಣ್ಣದ್ದು, ಅದು ಸಂತೋಷದ ಭಾನುವಾರ. ಅಷ್ಟರೊಳಗೆ ಗುರುಗಳ ಮುಂದೆ ಪಾಪನಿವೇದನೆ ಮುಗಿಸಿಬಿಡಿ. ಆಮೇಲೆ ಸಾಲು ಉದ್ದವಾಗುತ್ತದೆ, ಎಣ್ಣೆಯ ಬಾಣಲೆಯೂ ಮನೆಯಲ್ಲಿ ಕಾಯುತ್ತಿರುತ್ತದೆ. 24ರ ರಾತ್ರಿಯ ಪೂಜೆ ಈಗ ಇಲ್ಲಿನ ಹೆಚ್ಚಿನ ಇಗರ್ಜಿಗಳಲ್ಲಿ (ಚರ್ಚುಗಳಲ್ಲಿ) ಸಂಜೆ ಏಳು, ಏಳೂವರೆಗೇ ಶುರು. ಮಧ್ಯರಾತ್ರಿ ತನಕ ಟೈಮಿದೆ ಅಂತ ನಂಬಿ ಕೂರಬೇಡಿ.

ಎಡವಟ್ಟಿನ ವಿಷಯಕ್ಕೆ ಬರುತ್ತೇನೆ. ಒಂದು ವರ್ಷ ಕೊಕ್ಕಿಸಾಂ (ಅಚ್ಚಿನಿಂದ ಕರಿಯುವ ಹೂವಿನಾಕಾರದ ತಿಂಡಿ) ಮಾಡುವ ದಿನವೇ ನಮ್ಮ ಗ್ರೈಂಡರ್ ಕೆಟ್ಟಿತು. ಅಕ್ಕಿ ನೆನೆದಾಗಿತ್ತು. ಪಕ್ಕದ ಮನೆಯ ಅಕ್ಕ ಬೇಲಿಯಾಚೆಯಿಂದಲೇ "ಬಾಯಮ್ಮ, ಅಕ್ಕಿ ಇಲ್ಲಿಗೇ ತನ್ನಿ" ಅಂದರು. ಬರೀ ರುಬ್ಬಿಸಿಕೊಂಡು ಬರುವುದು ಅಂತ ಹೋದವರು ಅಲ್ಲೇ ಒಲೆ ಹಚ್ಚಿ ಕೂತೆವು. ಕೊಕ್ಕಿಸಾಂ ಅಚ್ಚನ್ನು ಮೊದಲು ಕಾದ ಎಣ್ಣೆಯಲ್ಲಿ ಬಿಸಿ ಮಾಡಬೇಕು, ಆಮೇಲೆ ಹಿಟ್ಟಿನಲ್ಲಿ ಮುಕ್ಕಾಲು ಮಾತ್ರ ಅದ್ದಬೇಕು. ಅಚ್ಚಿನ ಮೇಲಿನ ಅಂಚು ಮುಳುಗಿದರೆ ಹಿಟ್ಟು ಸುತ್ತ ಕಚ್ಚಿಕೊಂಡು ಬಿಡುವುದೇ ಇಲ್ಲ. ಇದನ್ನು ಅತ್ತೆ ತುಳುವಿನಲ್ಲಿ ಆ ಅಕ್ಕನಿಗೆ ಹೇಳಿಕೊಟ್ಟರು. ಈಗ ಪ್ರತಿ ವರ್ಷ ಕೊಕ್ಕಿಸಾಂ ಅವರ ಮನೆಯಲ್ಲೇ. ಅಷ್ಟಮಿಗೆ ಅವರ ಮನೆಯ ಚಕ್ಕುಲಿ, ಉಂಡೆ ನಮಗೆ ಮೊದಲಿಂದಲೂ ಬರುತ್ತಿತ್ತು.

ಇನ್ನೊಂದು ಗೋದಲಿಯದ್ದು, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯದ್ದು. ಮಕ್ಕಳು ಗೆರಟೆಗಳಲ್ಲಿ ಮಣ್ಣು ತುಂಬಿ ರಾಗಿ, ಭತ್ತ ಬಿತ್ತಿ ಜಗಲಿಯಲ್ಲಿ ಇಟ್ಟಿದ್ದರು. ಹಬ್ಬಕ್ಕೆ ಸರಿಯಾಗಿ ಹಸಿರು ಗದ್ದೆಯಾಗಿ ಬೆಳೆದರೆ ಗೋದಲಿಗೆ ಎಷ್ಟು ಚೆಂದ ಗೊತ್ತಾ! ಮೊಳಕೆ ಬಂದ ಹೊತ್ತಿಗೆ ಕೋಳಿಗಳು ಬಂದು ಅಷ್ಟನ್ನೂ ಹೆಕ್ಕಿ ಹೋದವು. ಸಣ್ಣವಳ ಅಳು ನಿಲ್ಲಲಿಲ್ಲ. ಮಾವ ಹೆಸರುಕಾಳು ನೆನೆಸಿ ಬಿತ್ತಿಸಿದರು. ಹೆಸರು ಬೇಗ ಬರುತ್ತದೆ, ರಾಗಿಯ ಹಾಗೆ ನುಣ್ಣಗೆ ಹಾಸಿದಂತೆ ಕಾಣುವುದಿಲ್ಲ ಅಷ್ಟೇ. ಮೊದಲ ಗೋದಲಿಯನ್ನು 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಸಂತ ಫ್ರಾನ್ಸಿಸರು ಮಾಡಿಸಿದಾಗ ನಿಜವಾದ ಎತ್ತು, ಕತ್ತೆ, ಹುಲ್ಲು ಇದ್ದವಂತೆ ಅಂತ ಮಾವ ಅವಳಿಗೆ ಹೇಳಿದರು. "ಹಾಗಾದ್ರೆ ನಮ್ಮ ಗೋದಲಿಗೆ ಕೋಳಿ ಬಂದದ್ದು ಸರಿಯೇ" ಅಂತ ಅವಳು ತೀರ್ಮಾನ ಕೊಟ್ಟಳು, ಮಣ್ಣಿನ ಕೋಳಿಯೊಂದನ್ನು ಮಾಡಿ ಕುರಿಗಳ ಪಕ್ಕ ಇಟ್ಟಳು. ಈಗಲೂ ಇಡುತ್ತೇವೆ.

ತುಂಬ ಕಷ್ಟವಾದದ್ದು 2023ರಲ್ಲಿ. ಆ ವರ್ಷ ಆಗಮನ ಕಾಲದ ನಾಲ್ಕನೇ ಭಾನುವಾರವೂ ಡಿಸೆಂಬರ್ 24ಕ್ಕೇ ಬಂದಿತ್ತು. ಬೆಳಿಗ್ಗೆ ಭಾನುವಾರದ ಪೂಜೆ, ಸಂಜೆ ಕ್ರಿಸ್ಮಸ್ ಪೂಜೆ, ನಡುವೆ ಗಲ್ಫಿನಿಂದ ಮೈದುನನ ಸಂಸಾರ ಬಜ್ಪೆ ವಿಮಾನ ನಿಲ್ದಾಣದಲ್ಲಿ ಇಳಿಯುವುದು. ಅವರು ಇಳಿದರು, ಸೂಟ್‌ಕೇಸುಗಳು ಬರಲಿಲ್ಲ. ಮಕ್ಕಳ ಹೊಸ ಬಟ್ಟೆ ಎಲ್ಲ ಅದರಲ್ಲೇ. ಓರಗಿತ್ತಿ ಕಣ್ಣೀರು ಹಾಕುತ್ತಾ ಕೂತಳು, ಪಾಪ. ಮನೆಯ ಕಪಾಟು ಅಡಿಮೇಲು ಮಾಡಿ ನನ್ನ ಮಗನ ಹಳೆಯ ಪ್ಯಾಂಟಿನ ಕಾಲು ಮಡಿಸಿ ಪಿನ್ನು ಹಾಕಿದೆವು. ಓರಗಿತ್ತಿಗೆ ಅತ್ತೆ ತಮ್ಮ ಮದುವೆಯ ಕಾಲದ ರೇಷ್ಮೆ ಸೀರೆ ಉಡಿಸಿದರು. ಇಗರ್ಜಿಯಲ್ಲಿ ಲೂಕನ 2ನೇ ಅಧ್ಯಾಯ ಓದುವಾಗ, ಛತ್ರದಲ್ಲಿ ಜಾಗ ಸಿಗದೆ ಮಗುವನ್ನು ಬಟ್ಟೆಯಲ್ಲಿ ಸುತ್ತಿ ಗೋದಲಿಯಲ್ಲಿ ಮಲಗಿಸಿದರು ಎಂಬ ಮಾತು ಬಂತು. ಓರಗಿತ್ತಿ ನನ್ನ ಕೈ ಹಿಡಿದುಕೊಂಡಳು. ಅಷ್ಟು ವರ್ಷ ಕೇಳಿದ ಮಾತು ಅದು, ಆ ದಿನ ಕೇಳಿದ ಹಾಗೆ ಹಿಂದೆಂದೂ ಕೇಳಿರಲಿಲ್ಲ.

ನಿಮಗೆ ಉಪಯೋಗವಾಗುವ ಒಂದೆರಡು ಮಾತು. ಮೊದಲು ಗುಳಿಯೊ ಎಂಬ ಸಣ್ಣ ಉಂಡೆ ತಿಂಡಿ, ಕಿಡ್ಯೊ ಮಾಡಿ. ಗಾಳಿಯಾಡದ ಡಬ್ಬಿಯಲ್ಲಿ ಚೆನ್ನಾಗಿ ಉಳಿಯುತ್ತವೆ. ನೆವ್ರ್ಯೊ (ಕರ್ಜಿಕಾಯಿ), ಕೊಕ್ಕಿಸಾಂ ಹಬ್ಬದ ಹತ್ತಿರಕ್ಕೆ ಇರಲಿ. ಕರಾವಳಿಯ ಗಾಳಿಗೆ ಕೊಕ್ಕಿಸಾಂ ಬೇಗ ಮೆತ್ತಗಾಗುತ್ತದೆ. ಎಲ್ಲವನ್ನೂ ಮಾಡಲೇಬೇಕು ಅಂತ ಹಟ ಬೇಡ. ಕೈಲಾಗದ್ದನ್ನು ಅಂಗಡಿಯಿಂದ ತನ್ನಿ, ತಪ್ಪಿಲ್ಲ. ಆದರೆ ಒಂದನ್ನಾದರೂ ಮನೆಯವರೆಲ್ಲ ಒಟ್ಟಿಗೆ ಕೂತು ಮಾಡಿ.

ಕುಸ್ವಾರಿನ ತಟ್ಟೆ ಯಾವ್ಯಾವ ಮನೆಗೆ ಹೋಗಬೇಕು ಅಂತ ಅತ್ತೆಯನ್ನು ಈಗಲೇ ಕೇಳಿಟ್ಟುಕೊಳ್ಳಿ. ಆ ವರ್ಷ ಸಾವಾದ ಮನೆ ಯಾವುದು ಅಂತಲೂ ಕೇಳಿ. ನಮ್ಮ ಕಡೆ ಆ ಮನೆಯವರು ಕುಸ್ವಾರ್ ಮಾಡುವುದಿಲ್ಲ, ನೆರೆಯವರೇ ಕೊಡಬೇಕು. ಮೊದಲ ತಟ್ಟೆ ಅಲ್ಲಿಗೆ ಹೋಗಲಿ, ನೀವೇ ತೆಗೆದುಕೊಂಡು ಹೋಗಿ. ಕೊಟ್ಟ ತಕ್ಷಣ ಎದ್ದು ಬರಬೇಡಿ. ಕೆಲಸ ಎಷ್ಟೇ ಇರಲಿ, ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತು ಕೂತು ಮಾತಾಡಿ ಬನ್ನಿ.